ಮಾರಿಕಣಿವೆ ಕೋಡಿ ಬಿದ್ದ ವರ್ಷ ಅಕ್ಕ ಕೊಟ್ಟ ರಕ್ತ

ಬೆಳ್ಳುಳ್ಳಿ ಜಜ್ಜಿದ ವಾಸನೆ ಬಂದರೆ ಬೇರೆಯವರಿಗೆ ಹಸಿವಾಗುತ್ತದೆ. ನನಗೆ ಬೆಂಗಳೂರಿನ ಆಸ್ಪತ್ರೆಯೊಂದರ ಗಾಜಿನ ಕೋಣೆ ನೆನಪಾಗುತ್ತದೆ. ಈ ಸಲ ಪಂಚಮಿಗೆಂದು ಹಿಂದಿನ ದಿನವೇ ಬಂದ ಪಾರ್ವತಕ್ಕ, ಬ್ಯಾಗು ಇಟ್ಟವಳೇ ಸೆರಗು ಸಿಕ್ಕಿಸಿಕೊಂಡು, ಒರಳಿನ ಮುಂದೆ ಕೂತು ಕೆಂಪು ಚಟ್ನಿಗೆ ಬೆಳ್ಳುಳ್ಳಿ ಜಜ್ಜತೊಡಗಿದಳು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಪಾರ್ವತಕ್ಕ ನನ್ನ ಗಂಡನ ಒಡಹುಟ್ಟಿದ ಅಕ್ಕ. ಹೊಸದುರ್ಗದ ಕಡೆ ಕೊಟ್ಟ ಹೆಣ್ಣುಮಗಳು. ಅವಳು ತಲೆ ಎತ್ತದೆಯೇ ಕೇಳಿದಳು.

"ಏನೇ ಸುಜಾತ, ಮತ್ತೆ ಅದೇ ನೆನಪಾತೇನು?"

"ಹೂಂ ಅಕ್ಕ."

"ನೆನಪಾಗ್ಲಿ ಬಿಡು. ಗೆದ್ದಿದ್ದು ತಾನೆ? ಸೋತಿದ್ದನ್ನ ಮರೀಬೇಕು, ಗೆದ್ದಿದ್ದನ್ನ ಯಾಕೆ ಮರೀಬೇಕು?"

ಅವಳು ಹೇಳಿದ್ದು ಸರಿ. ಅದಕ್ಕೇ ಬರೆಯಲು ಕೂತಿದ್ದೇನೆ.

ಅದು ಮಾರಿಕಣಿವೆ ಕೋಡಿ ಬಿದ್ದ ವರ್ಷ. ನಮ್ಮ ಜಿಲ್ಲೆಯವರಿಗೆ ಇಷ್ಟು ಹೇಳಿದರೆ ಸಾಕು, ಯಾವ ವರ್ಷ ಎಂದು ಯಾರೂ ಕೇಳುವುದಿಲ್ಲ. ಹಿರಿಯೂರಿನ ಆ ಕಟ್ಟೆ ತುಂಬಿ ಹರಿದದ್ದನ್ನು ನಾವೆಲ್ಲ ಅಜ್ಜಂದಿರ ಬಾಯಲ್ಲಿ ಕೇಳಿದ್ದೆವೇ ಹೊರತು ಕಂಡವರಿರಲಿಲ್ಲ. ನನಗಾಗ ಚಿತ್ರದುರ್ಗದ ಸಂತೆಪೇಟೆಯಲ್ಲಿ ಒಂದು ಸಣ್ಣ ಮ್ಯಾಚಿಂಗ್ ಸೆಂಟರ್ ಇತ್ತು. ಈಗಲೂ ಇದೆ. ಸೀರೆಗೆ ತಕ್ಕ ರವಿಕೆ ಬಟ್ಟೆ, ಲೈನಿಂಗು, ಫಾಲ್ಸು ಹುಡುಕಿಕೊಡುವುದು ನನ್ನ ಕೆಲಸ. ನಮ್ಮ ಮನೆಯವರು ರುದ್ರೇಶಪ್ಪ, ಹೊಳಲ್ಕೆರೆ ರಸ್ತೆಯಲ್ಲಿ ಬೈಕ್ ರಿಪೇರಿ ಅಂಗಡಿ. ಕೈಗೆ ಆಯಿಲ್, ಬಾಯಿಗೆ ತಮಾಷೆ, ಎರಡೂ ತೊಳೆದರೆ ಹೋಗುವುದಲ್ಲ.

ನಮಗಿಬ್ಬರಿಗೂ ಎಚ್‌ಐವಿ ಇತ್ತು. ಅದೂ ಈಗಲೂ ಇದೆ. ನಾನು ಬಸುರಿಯಾಗಿದ್ದಾಗ ಮಾಡಿಸಿದ ಪರೀಕ್ಷೆಯಲ್ಲಿ ಗೊತ್ತಾಯಿತು. ಯಾರಿಂದ ಯಾರಿಗೆ ಬಂತು ಎಂಬ ಜಗಳವನ್ನು ಒಂದಷ್ಟು ದಿನ ಚೆನ್ನಾಗಿಯೇ ಆಡಿದೆವು. ಆಮೇಲೆ ಮಗಳು ಚಂದನ ಹುಟ್ಟಿದಳು, ಅವಳಿಗೆ ಇಲ್ಲ ಎಂದರು. ಆ ದಿನ ಜಗಳವನ್ನು ಕಟ್ಟಿ ಅಟ್ಟಕ್ಕೆ ಹಾಕಿದೆವು, ಮತ್ತೆ ಇಳಿಸಲಿಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಮೊಬೈಲು ಕೂಗುತ್ತದೆ, ಇಬ್ಬರೂ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಹಿಂದಿಟ್ಟ ಮಾತ್ರೆ ನುಂಗುತ್ತೇವೆ. ತಪ್ಪದೆ ನುಂಗಿದ್ದಕ್ಕೆ ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಮುದುರಿ ಕೂತಿತ್ತು. ನೆಂಟರಿಷ್ಟರಲ್ಲಿ ಯಾರಿಗೂ ಹೇಳಿರಲಿಲ್ಲ. ಇಬ್ಬರೇ ಇದ್ದಾಗಲೂ ನಾವು ಅದರ ಹೆಸರು ಹೇಳುತ್ತಿರಲಿಲ್ಲ, "ಅದು" ಅನ್ನುತ್ತಿದ್ದೆವು.

ಆ ವರ್ಷ ಯುಗಾದಿ ಕಳೆದ ಮೇಲೆ ಇವರ ಒಸಡಿನಲ್ಲಿ ರಕ್ತ ಬರತೊಡಗಿತು. ಸ್ಪ್ಯಾನರ್ ತಗುಲಿದ ಕಡೆಯೆಲ್ಲ ನೀಲಿಗಟ್ಟುತ್ತಿತ್ತು. ಜ್ವರ ಬಿಡಲೊಲ್ಲದು. "ಅದು" ಎದ್ದು ಕೂತಿತೆಂದು ನಾನು ಹೆದರಿದೆ. ಪರೀಕ್ಷೆ ಮಾಡಿಸಿದರೆ ಅದು ಪಾಪ ತನ್ನ ಮೂಲೆಯಲ್ಲೇ ಮಲಗಿತ್ತು. ಬಂದದ್ದು ಬೇರೆ. ರಕ್ತದ ಕ್ಯಾನ್ಸರ್.

ಬೆಂಗಳೂರಿನ ಡಾಕ್ಟರಮ್ಮ ಬಿಡಿಸಿ ಹೇಳಿದರು. ಔಷಧಿ ಕೊಟ್ಟು ಇದನ್ನು ಸದ್ಯಕ್ಕೆ ಅಡಗಿಸಬಹುದು, ಆದರೆ ಮತ್ತೆ ಬರುತ್ತದೆ. ಬೇರುಸಮೇತ ಕೀಳಬೇಕಾದರೆ ಇವರ ಮೂಳೆಯೊಳಗೆ ರಕ್ತ ಹುಟ್ಟಿಸುವ ಜೀವಕೋಶಗಳನ್ನೆಲ್ಲ ಸುಟ್ಟುಹಾಕಿ, ಇನ್ನೊಬ್ಬರ ಕೋಶಗಳನ್ನು ಹಾಕಬೇಕು. ಸ್ಟೆಮ್ ಸೆಲ್ ಅಂತಾರೆ, ಬೀಜದ ಹಾಗೆ. ಆ ಇನ್ನೊಬ್ಬರ ರಕ್ತ ಇವರದಕ್ಕೆ ಹೊಂದಬೇಕು. ಹೊಂದುವವರು ಬೇಗ ಸಿಗದಿದ್ದರೆ ಕಷ್ಟ.

ಇವರು ಮಾತ್ರ ವಾಪಸು ಬರುವಾಗ ಬಸ್ಸಿನಲ್ಲಿ ಮೊಬೈಲು ತೋರಿಸಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ನೋಡಿಲ್ಲಿ. ಪ್ರಪಂಚದಾಗೆ ನನ್ನಂಗೇ ಎರಡೂ ಇದ್ದೋರು ಕೆಲವರು ಇದೇ ಚಿಕಿತ್ಸೆ ತಗಂಡು, ಕ್ಯಾನ್ಸರೂ ಹೋಗಿ, ಅದೂ ಹೋಗೈತಂತೆ. ಮಾತ್ರೆನೇ ಬ್ಯಾಡಂತೆ ಅವರಿಗೆ." ಎಷ್ಟೋ ದಿನದ ಮೇಲೆ ಆ ಕಣ್ಣಲ್ಲಿ ಬೆಳಕು ಕಂಡೆ. ನಾನೂ ನಕ್ಕೆ. ಆದರೆ ಹಿರಿಯೂರು ಬರುವ ಹೊತ್ತಿಗೆ ನನ್ನೊಳಗೆ ಒಂದು ಕೆಟ್ಟ ಯೋಚನೆ ಬಂದು ಕೂತಿತ್ತು. ಇವರಿಗೆ ಅದು ಹೋಗಿಬಿಟ್ಟರೆ, ಎಂಟು ಗಂಟೆಗೆ ಅಡುಗೆಮನೆಯಲ್ಲಿ ನಾನೊಬ್ಬಳೇ.

ಈಗ ನಮ್ಮ ದೊಡ್ಡಪ್ಪ ಬರಬೇಕು. ತಿಪ್ಪೇರುದ್ರಪ್ಪ ಇವರ ತಂದೆಯ ಅಣ್ಣ, ಹಿರೇಗುಂಟನೂರಿನವರು. ನಮ್ಮ ಅತ್ತೆಮಾವ ತೀರಿಕೊಂಡ ಮೇಲೆ ಮನೆಗೆ ಅವರೇ ಹಿರಿಯರು. ಇವರದು ಹೊನ್ನೆ ಬೆಡಗು, ಗೋತ್ರವಿದ್ದ ಹಾಗೆ. ಹೊನ್ನೆ ಮರ ಕಡಿಯಬಾರದು, ಒಂದೇ ಬೆಡಗಿನೊಳಗೆ ಹೆಣ್ಣು ತಂದು ಕೊಟ್ಟು ಮಾಡಬಾರದು, ಯಾಕೆಂದರೆ ಅವರೆಲ್ಲ ಒಂದೇ ರಕ್ತ. ಇಂಥದ್ದನ್ನೆಲ್ಲ ಕಾಯುವುದು ದೊಡ್ಡಪ್ಪನ ಕೆಲಸ. ಹೆಣ್ಣು ನೋಡಲು ಹೊರಟವರು ಮೊದಲು ಅವರ ಜಗುಲಿಗೆ ಬಂದು ಬೆಡಗು ಕೇಳಿಕೊಂಡೇ ಮುಂದೆ ಹೋಗುತ್ತಾರೆ.

ಅವರು ನಮ್ಮ ಜೊತೆ ಬೆಂಗಳೂರಿಗೆ ಬಂದಿದ್ದರು. ಇವರು ರಕ್ತ ಪರೀಕ್ಷೆಗೆ, ನಾನು ಔಷಧಿ ತರಲು ಕೆಳಗೆ ಹೋದಾಗ ಡಾಕ್ಟರಮ್ಮ ಅವರನ್ನು ಕೇಳಿದರಂತೆ, ಒಡಹುಟ್ಟಿದವರು ಇದ್ದಾರಾ ಎಂದು. "ಇವನು ಒಬ್ಬನೇ ಗಂಡುಮಗ. ಆದ್ರೆ ಒಂದೇ ರಕ್ತದೋರು ಊರು ತುಂಬ ಅವ್ರೆ, ಚಿಂತೆ ಬಿಡ್ರಿ" ಅಂದರಂತೆ. ಡಾಕ್ಟರಮ್ಮನಿಗೆ ಇನ್ನೂ ನೂರು ಜನ ಹೊರಗೆ ಕಾಯುತ್ತಿದ್ದರು. ಹಾಗಾದರೆ ದಾನಿಗಳ ಪಟ್ಟಿಯಲ್ಲಿ ಹುಡುಕೋಣ, ನಿಮ್ಮ ಕಡೆಯವರೂ ಪರೀಕ್ಷೆ ಕೊಡಲಿ ಎಂದರು.

ಪಾರ್ವತಕ್ಕನನ್ನು ಕೇಳಬಾರದೇ ಎಂದು ನಾನು ಅಂದದ್ದುಂಟು. ದೊಡ್ಡಪ್ಪ ನಕ್ಕರು. "ಧಾರೆ ಎರೆದು ಕೊಟ್ಟ ಮ್ಯಾಲೆ ಆಕೆ ಗಂಡನ ಬೆಡಗು ಕಣಮ್ಮ. ನೀನು ಹೊರಕೆರೆದೇವಪುರದಿಂದ ಬಂದೋಳು ಈಗ ನಮ್ಮ ಹೊನ್ನೆಯೋಳು ಆಗಲಿಲ್ವಾ? ಹಂಗೇ ಅದು. ಡಾಕ್ಟ್ರು ಇಂಗ್ಲೀಷ್ನಾಗೆ ಹೇಳಿದ್ದನ್ನ ನಮ್ಮ ಹಿರೀಕರು ಯಾವತ್ತೋ ಹೇಳಿಟ್ಟವ್ರೆ." ನಮ್ಮ ಮನೆಯವರಿಗೆ ಇನ್ನೊಂದು ಕಾರಣ. ಹೆಣ್ಣುಮಕ್ಕಳಿಗೆ ತವರಿನಿಂದ ಕೊಡಬೇಕು, ಅವರಿಂದ ತೆಗೆದುಕೊಳ್ಳಬಾರದು. ಸೀರೆ ಕೊಟ್ಟು ಮಡಿಲು ತುಂಬಿ ಕಳಿಸಿದ ಅಕ್ಕನ ಹತ್ತಿರ ರಕ್ತ ಕೊಡು ಎಂದು ಹೇಗೆ ಕೇಳುವುದು ಎಂದು ತಲೆ ತಗ್ಗಿಸಿದರು. ಇಬ್ಬರು ಗಂಡಸರು ಎರಡು ಕಡೆಯಿಂದ ಬಾಗಿಲು ಹಾಕಿದ ಮೇಲೆ ನಾನು ಸುಮ್ಮನಾದೆ. ಅಕ್ಕನಿಗೆ ತಮ್ಮನ ಕಾಯಿಲೆ ಗೊತ್ತಿತ್ತು, ಬಂದು ನೋಡಿಕೊಂಡು ಅತ್ತು ಹೋಗಿದ್ದಳು. ರಕ್ತ ಹೊಂದಿಸುವ ವಿಷಯ ಮಾತ್ರ ಅವಳ ಕಿವಿಗೆ ಹಾಕಲಿಲ್ಲ.

ಆಷಾಢದ ಒಂದು ಭಾನುವಾರ ಹಿರೇಗುಂಟನೂರಿನ ಸಮುದಾಯ ಭವನದಲ್ಲಿ ಹೊನ್ನೆ ಬೆಡಗಿಗೆ ಬೆಡಗೇ ಸೇರಿತ್ತು. ದಾನಿಗಳನ್ನು ಹುಡುಕುವ ಸಂಸ್ಥೆಯ ಹುಡುಗಿಯರು ಹತ್ತಿ ಸುತ್ತಿದ ಕಡ್ಡಿಗಳನ್ನು ತಂದಿದ್ದರು. ಕೆನ್ನೆಯ ಒಳಗೆ ಅದನ್ನು ಉಜ್ಜಿ ತೆಗೆಯುವುದು, ಅಷ್ಟೇ ಪರೀಕ್ಷೆ. ಈರುಳ್ಳಿ ಕಳೆ ಬಿಟ್ಟು ಬಂದವರು, ಗಾರೆ ಕೆಲಸ ಬಿಟ್ಟು ಬಂದವರು, ಕಾಲೇಜಿಗೆ ಹೋಗುವ ಮೀಸೆ ಮೂಡದ ಹೈದರು. ಎಲ್ಲ ಗಂಡಸರೇ. ದೊಡ್ಡಪ್ಪ ಬಾಗಿಲಲ್ಲಿ ನಿಂತು, "ಲೇ, ಎಲೆಅಡಿಕೆ ಉಗುಳಿ ಬಾಯಿ ಮುಕ್ಕಳಿಸಿ ಬರ್ರಿ! ರುದ್ರನಿಗೆ ರಕ್ತ ಕೊಡ್ತಿದೀರೋ ಸುಣ್ಣ ಕೊಡ್ತಿದೀರೋ" ಎಂದು ಗದರುತ್ತಿದ್ದರು. ವಯಸ್ಸಾದವರದು ಬೇಡ ಎಂದು ಹುಡುಗಿ ಹೇಳಿದ್ದಕ್ಕೆ ಅವರಿಗೆ ಬಹಳ ಬೇಜಾರಾಯಿತು. ತಾವೂ ಬಾಯಿ ತೊಳೆದುಕೊಂಡು ಬಂದಿದ್ದರು.

ಅಂದು ನನಗೆ ಅಳು ತಡೆಯಲಾಗಲಿಲ್ಲ. ಜನ ಅಂದರೆ ಇವರು ಅನ್ನಿಸಿತು. ಫಲಿತಾಂಶ ಬಂದಾಗ ಅಳಲೂ ಆಗಲಿಲ್ಲ. ಇಡೀ ಬೆಡಗಿನಲ್ಲಿ ಒಬ್ಬರದೂ ಹೊಂದಲಿಲ್ಲ. ದೇಶದ ಪಟ್ಟಿಯಲ್ಲೂ ಯಾರೂ ಸಿಗಲಿಲ್ಲ. ದೊಡ್ಡಪ್ಪ ಒಂದು ವಾರ ಜಗುಲಿಗೆ ಬಂದು ಕೂರಲಿಲ್ಲವಂತೆ. ಇವರು ಅಂಗಡಿಯ ಸಾಮಾನು ಒಂದೊಂದೇ ಒರೆಸಿ ಜೋಡಿಸಿಟ್ಟರು, ಬೇರೆ ಯಾರಿಗೋ ಬಿಟ್ಟುಕೊಡುವವರ ಹಾಗೆ. ನನಗೆ ಅದನ್ನು ನೋಡಿದರೆ ಕೋಪ ಬರುತ್ತಿತ್ತು.

ಹೀಗಿರುವಾಗ ಪಂಚಮಿ ಬಂತು. ನಮ್ಮಲ್ಲಿ ಹುತ್ತಕ್ಕೆ ಹಾಲೆರೆದು ಬಂದ ಮೇಲೆ, ಅಕ್ಕತಂಗಿಯರು ಅಣ್ಣತಮ್ಮಂದಿರ ಬೆನ್ನಿಗೆ ಹೂವಿನಲ್ಲಿ ಹಾಲು ಸವರಿ, ಬೆನ್ನು ತಣ್ಣಗಿರಲಿ ಎಂದು ಹರಸುತ್ತಾರೆ. ದೊಡ್ಡಪ್ಪ ಪ್ರತಿ ವರ್ಷದಂತೆ ತಮ್ಮ ಹಸುವಿನ ಹಾಲನ್ನು ಕ್ಯಾನಿನಲ್ಲಿ ಹಿಡಿದು ದುರ್ಗಕ್ಕೆ ಬಂದಿದ್ದರು. ಪಾರ್ವತಕ್ಕ ತಂಬಿಟ್ಟು, ಅರಳು ಕಟ್ಟಿಕೊಂಡು ಬಂದಿದ್ದಳು. ಇವರು ಮಣೆಯ ಮೇಲೆ ಕೂತು ಅಂಗಿ ತೆಗೆದರು. ಹಿಂದಿನ ವಾರವಷ್ಟೇ ಮೂಳೆಯ ಪರೀಕ್ಷೆಗೆಂದು ಸೊಂಟದ ಮೇಲೆ ಸೂಜಿ ಹಾಕಿದ್ದರು. ಅಲ್ಲಿ ಬಿಳಿ ಪಟ್ಟಿ ಇತ್ತು. ಅಕ್ಕನ ಕೈಯ ಹೂವು ಅಲ್ಲೇ ನಿಂತಿತು.

"ಇದೇನೋ ರುದ್ರ?"

ಇವರು ಹೇಳಿದರು. ಸೂಜಿಯಿಂದ ಶುರುವಾದ ಮಾತು ಸ್ಟೆಮ್ ಸೆಲ್ಲಿಗೆ ಬಂತು, ಸಮುದಾಯ ಭವನಕ್ಕೆ ಬಂತು, ಹತ್ತಿಕಡ್ಡಿಗೆ ಬಂತು. ಕೇಳುತ್ತ ಕೇಳುತ್ತ ಅಕ್ಕನ ಮುಖ ಕೆಂಪಾಯಿತು.

"ಊರಿಗೆಲ್ಲ ಡಂಗುರ ಹೊಡೆದಿದೀರಿ. ನನ್ನನ್ನ ಯಾಕೆ ಕರೀಲಿಲ್ಲ?"

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ನಿಂದು ಬ್ಯಾರೆ ಬೆಡಗಾಗೈತಲ್ಲವ್ವ. ರಕ್ತ ಬ್ಯಾರೆ."

"ಯಾವಾಗ ಬ್ಯಾರೆ ಆತು ದೊಡ್ಡಪ್ಪ? ಧಾರೆ ಎರೆವಾಗ್ಲೋ, ಬೀಗರ ಊಟ ಆದ ಮ್ಯಾಲೋ?"

ಇವರು ಮೆಲ್ಲಗೆ, "ನಿನಗೆ ನಾವು ಕೊಡಬೇಕಕ್ಕ, ನಿನ್ನಿಂದ ತಗಂಬಾರ್ದು" ಎಂದರು. ಅಲ್ಲಿಗೆ ಅಕ್ಕ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು. ಹಾಲು ಚೆಲ್ಲಿತು.

"ಹಾಲು ಎರೆಸ್ಕಳಕ್ಕೆ ಅಕ್ಕ ಬೇಕು, ರಕ್ತ ತಗಳಕ್ಕೆ ಅಕ್ಕ ಬ್ಯಾಡ. ನಂಗೆ ಸೀರೆ ಕೊಡಕ್ಕಾದ್ರೂ ನೀನು ಇರಬೇಕಲ್ಲೋ. ಒಬ್ಬ ತಾಯಿ ಹೊಟ್ಟೆನಾಗೆ ಹುಟ್ಟಿದೀವಿ. ನನ್ನ ಬೆನ್ನಿಗೆ ಬಿದ್ದೋನು ನೀನು, ಈ ದೊಡ್ಡಪ್ಪನ ಬೆನ್ನಿಗಲ್ಲ."

ಆಮೇಲೆ ನನ್ನ ಕಡೆ ತಿರುಗಿದಳು. "ಹಿಂದಿನ ಮಾತು ಸಾಕು. ಆ ಕಡ್ಡಿ ಎಲ್ಲೈತೆ ಹೇಳು ಸುಜಾತ, ಹೋಗಾಣ." ಎಲೆ ಹಾಕಿದ್ದ ಹಬ್ಬದ ಊಟ ಹಾಗೇ ಉಳಿಯಿತು. ಆ ಸಂಜೆಯೇ ಅಕ್ಕ, ನಾನು ಬೆಂಗಳೂರಿನ ಬಸ್ಸಿನಲ್ಲಿದ್ದೆವು.

ಫೋನು ಬಂದಾಗ ನಾನು ಅಂಗಡಿಯಲ್ಲಿ ಒಬ್ಬ ಟೀಚರ್ ತಂದ ರೇಷ್ಮೆ ಸೀರೆಗೆ ಫಾಲ್ಸು ಹುಡುಕುತ್ತಿದ್ದೆ. ಡಾಕ್ಟರಮ್ಮ, "ಹತ್ತಕ್ಕೆ ಹತ್ತು ಹೊಂದಿದೆ" ಅಂದರು. ನಾನು ಇನ್ನೊಮ್ಮೆ ಹೇಳಿ ಅಂದೆ. ಇನ್ನೊಮ್ಮೆ ಹೇಳಿದರು. ಇಪ್ಪತ್ತು ವರ್ಷದಿಂದ ಬಣ್ಣಕ್ಕೆ ಬಣ್ಣ ಹೊಂದಿಸುತ್ತ ಬಂದಿದ್ದೇನೆ, ಒಂದೇ ಥಾನಿನ ಬಟ್ಟೆ ಎರಡು ತುಂಡಾಗಿ ಎರಡು ಊರಿಗೆ ಹೋದರೂ ಬಣ್ಣ ಬೇರೆಯಾಗುವುದಿಲ್ಲ ಎಂಬುದು ನನಗೇ ಹೊಳೆದಿರಲಿಲ್ಲ. ಆ ಟೀಚರ್‌ಗೆ ಹಸಿರು ಸೀರೆಗೆ ಕಿತ್ತಳೆ ಫಾಲ್ಸು ಕಟ್ಟಿ ಕಳಿಸಿದ್ದೆನಂತೆ. ಮಾರನೇ ದಿನ ಬಂದು ಬೈದು ಹೋದರು. ನಗುನಗುತ್ತಲೇ ಬೈಸಿಕೊಂಡೆ.

ಮಳೆ ಹಿಡಿದದ್ದು ಬಿಡಲಿಲ್ಲ. ನಾವು ಕಾರು ಮಾಡಿಕೊಂಡು ಆಸ್ಪತ್ರೆ ಸೇರಲು ಹೊರಟ ದಿನ ಎಲ್ಲರ ಬಾಯಲ್ಲೂ ಒಂದೇ ಮಾತು, ಕೋಡಿ ಬಿತ್ತಂತೆ. ಹಿರಿಯೂರಿನ ಕಡೆ ಟೆಂಪೊ, ಟ್ರ್ಯಾಕ್ಟರು, ಬೈಕು, ಮದುವೆಗೆ ಹೊರಟ ಹಾಗೆ ಜನ. ಅಕ್ಕನ ತೋಟ ಹೊಸದುರ್ಗದ ಹಿನ್ನೀರಿನ ಅಂಚಿನದು. ಅರ್ಧ ತೆಂಗು ಆಗಲೇ ನೀರಿನಲ್ಲಿ ನಿಂತಿತ್ತು. "ಭಾವ ಒಬ್ಬರೇ ಏನು ಮಾಡ್ತಾರಕ್ಕ" ಎಂದರೆ, "ನೀರು ಬಂದದ್ದು ಇಳೀತದೆ. ತಮ್ಮ ಹೋದ್ರೆ ಬರ್ತಾನಾ?" ಅಂದಳು. ನೋಡಿಕೊಂಡೇ ಹೋಗೋಣ ಎಂದು ಹಟ ಹಿಡಿದದ್ದು ಇವರು. ಜನರ ನಡುವೆ ಇಳಿಯುವಂತಿರಲಿಲ್ಲ, ಕಾರನ್ನು ದೂರದ ಏರಿನಲ್ಲಿ ನಿಲ್ಲಿಸಿ ಗಾಜು ಏರಿಸಿಕೊಂಡೇ ನೋಡಿದೆವು. ಎಷ್ಟೋ ಕಾಲ ಸುಮ್ಮನೆ ಕೂತಿದ್ದ ನೀರು ಕಲ್ಲಿನ ಮೇಲಿಂದ ಬೆಳ್ಳಗೆ ಹಾರುತ್ತಿತ್ತು. ಮುದುಕರು ಕೈಮುಗಿದು ನಿಂತಿದ್ದರು.

ಅಲ್ಲಿ, ಡ್ರೈವರು ನೀರು ನೋಡಲು ಇಳಿದು ಹೋದಾಗ, ಇವರು ಅಕ್ಕನಿಗೆ ಹೇಳಿದರು. ಮೊದಲೇ ನನ್ನ ಹತ್ತಿರ ಮಾತಾಡಿಕೊಂಡಿದ್ದರು, ಅವಳಿಗೆ ಹೇಳದೆ ಅವಳ ರಕ್ತ ಹಾಕಿಸಿಕೊಳ್ಳುವುದಿಲ್ಲ ಎಂದು. "ಅಕ್ಕ, ನಂಗೆ ಎಚ್‌ಐವಿ ಐತೆ. ಬಹಳ ವರ್ಷದಿಂದ." ಹೆಸರು ಹಿಡಿದೇ ಹೇಳಿದರು.

ಅಕ್ಕ ನೀರಿನಿಂದ ಕಣ್ಣು ತೆಗೆಯಲಿಲ್ಲ. ಹಾಗೇ ನನ್ನನ್ನು ಕೇಳಿದಳು. "ನಿಂಗೂನಾ?"

"ನಂಗೂ ಅಕ್ಕ."

"ಮಗೀಗೆ?"

"ಇಲ್ಲ. ದೇವರಾಣೆಗೂ ಇಲ್ಲ."

ಅವಳು ಉಸಿರು ಬಿಟ್ಟಳು. ಆಮೇಲೆ ಕಾರಿನೊಳಗೆ ಆ ಮಳೆಗಿಂತ ಜೋರಾಗಿ ಅತ್ತಳು. ಕಾಯಿಲೆಗಲ್ಲ, ಇಷ್ಟು ವರ್ಷ ತನಗೆ ಹೇಳಲಿಲ್ಲವಲ್ಲ ಎಂದು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, "ಆಗ್ಲಿ, ಆ ಡಾಕ್ಟ್ರಮ್ಮನ್ನ ಕೇಳ್ತೀನಿ. ಹೆಂಗಿದ್ರೂ ನನ್ನ ರಕ್ತ ಹಾಕ್ತಾರಲ್ಲ, ಅದನ್ನೂ ತೊಳೆದುಬಿಡ್ರಿ ಅಂತೀನಿ" ಎಂದಳು.

ಕೇಳಿಯೂ ಕೇಳಿದಳು. ಡಾಕ್ಟರಮ್ಮ ಬೇಸರಪಡದೆ ಕೂರಿಸಿಕೊಂಡು ಹೇಳಿದರು. ಈ ವೈರಸ್ಸು ಜೀವಕೋಶದ ಒಳಗೆ ಹೋಗಲು ಒಂದು ಬಾಗಿಲು ಬೇಕು. ಎಲ್ಲೋ ಕೆಲವರಿಗೆ ಹುಟ್ಟಿನಿಂದಲೇ ಆ ಬಾಗಿಲು ಇರುವುದಿಲ್ಲ. ಅಂಥ ದಾನಿಯ ಕೋಶ ಹಾಕಿದ್ದಕ್ಕೇ ಆ ಕೆಲವರಲ್ಲಿ ಬಹುಪಾಲು ಜನರಿಗೆ ಎರಡೂ ವಾಸಿಯಾದದ್ದು. ನಮ್ಮ ದೇಶದಲ್ಲಿ ಅಂಥವರು ಸಿಗುವುದು ಇಲ್ಲವೆನ್ನುವಷ್ಟು ಕಡಿಮೆ. ಮತ್ತೆ ಈ ಚಿಕಿತ್ಸೆಯಲ್ಲಿ ಜೀವಕ್ಕೇ ಅಪಾಯ ಇರುತ್ತದೆ, ಕ್ಯಾನ್ಸರ್ ಇದೆ ಎಂದು ಮಾಡುತ್ತೇವೆಯೇ ಹೊರತು ಬರೀ ಎಚ್‌ಐವಿಗೆ ಯಾರೂ ಮಾಡುವುದಿಲ್ಲ, ಅದಕ್ಕೆ ಮಾತ್ರೆಯೇ ಒಳ್ಳೆಯದು.

"ನಂದೂ ನೋಡ್ರಲ್ಲ. ಆ ಬಾಗ್ಲು ಐತೋ ಇಲ್ವೋ" ಎಂದಳು ಅಕ್ಕ.

ಅವಳ ಸಮಾಧಾನಕ್ಕೆ ಅದನ್ನೂ ನೋಡಿಸಿದರು. ಬಾಗಿಲು ಇತ್ತು. ಅಕ್ಕ ಒಂದು ಕ್ಷಣ ಸಪ್ಪಗಾದಳು, ಆಮೇಲೆ ತಾನೇ ನಕ್ಕಳು. "ನಮ್ಮನೆ ಬಾಗ್ಲು ಯಾವತ್ತು ಹಾಕಿದೀವಿ ಹೇಳ್ರಿ. ಬಂದೋರಿಗೆಲ್ಲ ತೆಗೆದೇ ಇರ್ತದೆ."

ಇವರು ಗೋಡೆ ನೋಡುತ್ತ ಕೂತಿದ್ದರು. ಎರಡೂ ಹೋಗುತ್ತದೆ ಎಂದು ಕನಸು ಕಟ್ಟಿದವರು. ನಾನು ಕೈ ಹಿಡಿದುಕೊಂಡೆ. ನನಗೆ ದುಃಖವೂ ಆಗಿತ್ತು, ಅದರ ಜೊತೆಗೆ ಎದೆಯೊಳಗೆ ಏನೋ ಸಡಿಲವೂ ಆಗಿತ್ತು. ಅಡುಗೆಮನೆಯಲ್ಲಿ ಒಬ್ಬಳೇ ಆಗುವುದಿಲ್ಲ ಎಂದು. ಆ ಮಾತನ್ನು ಹೇಳಿಯೇಬಿಟ್ಟೆ. ಇವರು ನನ್ನನ್ನು ಕಣ್ಣರಳಿಸಿ ನೋಡಿ, "ಅಯ್ಯೋ ಹುಚ್ಚಿ, ನಿನ್ನ ಬಿಟ್ಟು ಒಬ್ಬನೇ ವಾಸಿಯಾಗಿ ಎಲ್ಲಿಗೆ ಹೋಗ್ಲಿ" ಎಂದರು. ಅಂದಿನಿಂದ ನಾವು "ಅದು" ಅನ್ನುವುದನ್ನು ಬಿಟ್ಟೆವು. ಹೆಸರಿಟ್ಟು ಕರೆದರೆ ಅದಕ್ಕೇನು ಕೋಡು ಮೂಡುವುದಿಲ್ಲ.

ಕೋಶಗಳು ಮೂಳೆಯಿಂದ ರಕ್ತಕ್ಕೆ ಇಳಿದು ಬರಲೆಂದು ಅಕ್ಕನಿಗೆ ಕೆಲವು ದಿನ ಚುಚ್ಚುಮದ್ದು ಕೊಟ್ಟರು. ಬೆನ್ನು, ಸೊಂಟ ಸಿಡಿದು ಹೋಗುವಂಥ ನೋವು. ತೆಂಗಿನಕಾಯಿ ಮೂಟೆ ಹೊತ್ತ ಬೆನ್ನು ಅದು, ಆದರೂ ಗೋಡೆ ಹಿಡಿದು ನಡೆದಳು. ಆಮೇಲೆ ಒಂದು ತೋಳಿನಿಂದ ರಕ್ತ ಮಿಷನ್ನಿಗೆ ಹೋಗಿ, ಬೇಕಾದ್ದನ್ನು ಸೋಸಿಕೊಂಡು, ಇನ್ನೊಂದು ತೋಳಿಗೆ ವಾಪಸು. ಸಿಕ್ಕಿದ್ದು ಸಣ್ಣ ಚೀಲದಷ್ಟು, ತಿಳಿ ಟೊಮೆಟೊ ಸಾರಿನ ಬಣ್ಣ. "ಇಷ್ಟೇನಾ?" ಎಂದು ಅಕ್ಕನಿಗೆ ಅನುಮಾನ. ಅಷ್ಟರಲ್ಲಿ ಇವರಿಗೆ ಜ್ವರ ಬಂದು ದಿನ ಮುಂದಕ್ಕೆ ಹೋಯಿತು. ಆ ಚೀಲವನ್ನು ಕೆಡದ ಹಾಗೆ ಔಷಧಿ ಬೆರೆಸಿ ಮಂಜಿನಲ್ಲಿಟ್ಟರು.

ಗಾಜಿನ ಕೋಣೆಯಲ್ಲಿ ಇವರ ಹಳೆಯ ರಕ್ತವನ್ನೆಲ್ಲ ಔಷಧಿ ಸುಟ್ಟಿತು. ಕೂದಲು ಹೋಯಿತು, ಬಾಯಿ ತುಂಬ ಹುಣ್ಣು, ಉಗುಳು ನುಂಗಲೂ ಆಗದು. ಆದರೂ ಎಂಟು ಗಂಟೆಯ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಹೊರಗೆ ನಾನು, ಒಳಗೆ ಅವರು, ಗಾಜಿನ ಎರಡು ಕಡೆ ನಿಂತು ಒಟ್ಟಿಗೆ ನುಂಗುತ್ತಿದ್ದೆವು. ಅವರದು ವಾಂತಿಯಾಗದೆ ಒಳಗೆ ಉಳಿಯಿತೆಂದರೆ ನನಗೆ ಅದೇ ಹಬ್ಬ.

ಆ ಚೀಲದ ಕೋಶಗಳನ್ನು ಇವರ ಎದೆಯ ನಳಿಕೆಗೆ ಬಿಟ್ಟ ದಿನ ಕೋಣೆಯಿಂದ ಹೊರಬಂದ ನರ್ಸಮ್ಮನ ಹಿಂದೆಯೇ ಘಂ ಎಂದು ಬೆಳ್ಳುಳ್ಳಿ ವಾಸನೆ ಬಂತು. ಮಂಜಿನಲ್ಲಿಡಲು ಬೆರೆಸಿದ ಔಷಧಿಯ ವಾಸನೆಯಂತೆ, ಉಸಿರಿನಲ್ಲಿ ಬರುತ್ತದಂತೆ. ಅಕ್ಕ ಗಾಜಿಗೆ ಮೂಗು ಒತ್ತಿ ಫೋನಿನಲ್ಲಿ, "ಲೇ ರುದ್ರ, ನಮಗೆಲ್ಲ ಇಡ್ಲಿ ಹಾಕಿಸಿ ನೀನೊಬ್ಬನೇ ರೊಟ್ಟಿ ಚಟ್ನಿ ತಿಂತಿದೀಯೇನೋ?" ಎಂದಳು. ಹುಣ್ಣಾದ ಬಾಯಲ್ಲಿ ಇವರು ನಗಲು ಹೋಗಿ ನೋವಾಗಿ ಕಣ್ಣೀರು ಹಾಕಿದರು. ಆ ವಾಸನೆ ಎರಡು ದಿನ ಇತ್ತು.

ಆಮೇಲೆ ಕಾಯುವುದು. ಬಿಳಿ ರಕ್ತಕಣ ಸೊನ್ನೆ. ದಿನಾ ಬೆಳಿಗ್ಗೆ ಸೊನ್ನೆ. ಅಕ್ಕ ಊರಿಗೆ ಹೋಗಲು ಒಪ್ಪದೆ ನನ್ನ ಜೊತೆಯೇ ಒಂದು ಬಾಡಿಗೆ ಕೋಣೆಯಲ್ಲಿ ಉಳಿದಳು. ಅತ್ತ ಹಿನ್ನೀರು ಇಳಿಯಿತು ಎಂದು ಫೋನು ಬಂದರೂ ಹೋಗಲಿಲ್ಲ. "ಈರುಳ್ಳಿ ಸಸಿ ನೆಟ್ಟ ಮ್ಯಾಲೆ ಮೊದಲು ಬಾಡ್ತದೆ. ಗಾಬರಿಬಿದ್ದು ಕಿತ್ತು ನೋಡಬಾರ್ದು" ಎಂದು ನನಗೆ ಹೇಳುವಳು, ತಾನು ಮಾತ್ರ ನರ್ಸಮ್ಮನನ್ನು ಬಾಗಿಲಿಗೆ ಬಂದಾಗಲೆಲ್ಲ ಕಿತ್ತು ತಿನ್ನುವಳು. ಒಂದು ಬೆಳಿಗ್ಗೆ ಡಾಕ್ಟರಮ್ಮ ಕಾರಿಡಾರಿನ ಉದ್ದಕ್ಕೂ ನಗುತ್ತಲೇ ನಡೆದು ಬಂದರು. ಸೊನ್ನೆ ಹೋಗಿತ್ತು. ಏರುತ್ತಿದೆ, ಹೊಸದು, ಎಲ್ಲ ನಿಮ್ಮದೇ ಎಂದು ಅಕ್ಕನ ಹೆಗಲು ತಟ್ಟಿದರು.

"ಬೇರು ಬಿಡ್ತೇನ್ರಿ?" ಎಂದಳು ಅಕ್ಕ.

"ಬಿಡ್ತು."

ಗಾಜಿನ ಆಚೆ ಇವರು ಎರಡು ಕೈಯನ್ನೂ ಎತ್ತಿದರು, ಪಂದ್ಯ ಗೆದ್ದವರ ಹಾಗೆ. ನಾನೂ ಎತ್ತಿದೆ. ಅಕ್ಕ ಅಲ್ಲೇ ಕಾರಿಡಾರಿನಲ್ಲಿ ಕೂತು ತನ್ನ ಗಂಡನಿಗೆ ಫೋನು ಮಾಡಿ, "ಕೋಡಿ ಬಿತ್ತು ಕಣ್ರಿ, ಇಲ್ಲೂ ಕೋಡಿ ಬಿತ್ತು" ಎಂದು ಕೂಗುತ್ತಿದ್ದಳು.

ಸಂಕ್ರಾಂತಿಗೆ ನಾವು ದುರ್ಗಕ್ಕೆ ಬಂದೆವು. ಕೋಟೆ ಕಂಡಾಗ ಇವರು ಡ್ರೈವರಿಗೆ ಗಾಡಿ ನಿಧಾನ ಮಾಡಪ್ಪ ಎಂದರು. ಬಹಳ ದಿನ ಮಾಸ್ಕು, ಬಹಳ ದಿನ ಕುದಿಸಿದ ನೀರು. ಹಳೆಯ ರಕ್ತದ ಜೊತೆ ಚಿಕ್ಕಂದಿನ ಚುಚ್ಚುಮದ್ದುಗಳ ಬಲವೂ ಹೋಗಿತ್ತು, ಮತ್ತೆ ಮೊದಲಿನಿಂದ ಹಾಕಿಸಬೇಕು. ಹಸುಗೂಸುಗಳ ಸಾಲಿನಲ್ಲಿ ನಮ್ಮ ಮೆಕ್ಯಾನಿಕ್ಕು ತೋಳು ಮಡಚಿ ಕೂತು, ಅಳುವ ಕೂಸುಗಳಿಗೆ ಧೈರ್ಯ ಹೇಳಿ ಬಂದರು. ಹತ್ತಕ್ಕೆ ಹತ್ತು ಹೊಂದಿದ್ದು ಬೇರೆ ಗುರುತುಗಳಂತೆ, ರಕ್ತದ ಗುಂಪಲ್ಲ; ಓ ಇದ್ದ ಇವರ ಗುಂಪು ಅಕ್ಕನ ಬಿ ಆಯಿತು. ಈಗ ಪರೀಕ್ಷೆ ಮಾಡಿದರೆ ಇವರೊಳಗೆ ಓಡುವುದು ಹೆಂಗಸಿನ ರಕ್ತ. "ಅದಕ್ಕೇ ನೋಡು, ಬೆಂಡೆಕಾಯಿ ಮುರಿದು ನೋಡಿ ತರಕ್ಕೆ ಕಲ್ತಿದೀನಿ" ಎನ್ನುತ್ತಾರೆ. ಕ್ಯಾನ್ಸರ್ ಇಲ್ಲ. ಎಚ್‌ಐವಿ ಮೊದಲಿನಂತೆ ಮಾತ್ರೆಯ ಕೈಯಲ್ಲಿ ಮುದುರಿ ಕೂತಿದೆ. ಹಿರೇಗುಂಟನೂರಿನಲ್ಲಿ ಅಂದು ಕೆನ್ನೆ ಉಜ್ಜಿಸಿಕೊಂಡ ಹುಡುಗನೊಬ್ಬನಿಗೆ ಕಳೆದ ವರ್ಷ ಕರೆ ಬಂತು. ಯಾವುದೋ ಊರಿನ, ಯಾವ ಜಾತಿಯೋ ಯಾವ ಭಾಷೆಯೋ ತಿಳಿಯದ ರೋಗಿಗೆ ಅವನ ರಕ್ತ ಹೊಂದಿತ್ತು. ಹೋಗಿ ಕೊಟ್ಟು ಬಂದ. ದೊಡ್ಡಪ್ಪ ಅದನ್ನು ಜಗುಲಿಗೆ ಬಂದವರಿಗೆಲ್ಲ ಹೇಳುತ್ತಾರೆ, ಆದರೆ ಹೇಳಿ ಮುಗಿಸುವಾಗ ಸ್ವಲ್ಪ ಯೋಚನೆಗೆ ಬೀಳುತ್ತಾರೆ.

ಈ ಸಲದ ಪಂಚಮಿಯ ಬೆಳಿಗ್ಗೆ ದೊಡ್ಡಪ್ಪ ಎಂದಿನಂತೆ ಹಾಲಿನ ಕ್ಯಾನು ಹಿಡಿದು ಬಂದರು. ಹುತ್ತಕ್ಕೆ ಎರೆದು ಬಂದೆವು. ಇವರು ಮಣೆಯ ಮೇಲೆ ಕೂರುವಷ್ಟರಲ್ಲಿ ಎಂಟಾಗಿ ಮೊಬೈಲು ಕೂಗಿತು. ಈಗ ಮಾತ್ರೆ ಸಾಸಿವೆ ಡಬ್ಬಿಯ ಹಿಂದಿಲ್ಲ, ನಡುಮನೆಯ ಗೂಡಿನಲ್ಲಿದೆ. ಇಬ್ಬರೂ ಅಲ್ಲೇ ನುಂಗಿದೆವು.

"ಎಲ್ಲ ವಾಸಿಯಾಗೈತೆ ಅಂತೀರಿ, ಇದೆಂಥ ಮಾತ್ರೆನೋ?" ಎಂದರು ದೊಡ್ಡಪ್ಪ.

ಇವರು ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಇವರು ಹೇಳಿದರು, ನೇರವಾಗಿ, ಹೆಸರು ಹಿಡಿದು. ದೊಡ್ಡಪ್ಪ ಕ್ಯಾನಿನ ಹಿಡಿಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿದರು.

"ಇವಳ ರಕ್ತ ಹಾಕಿದ್ರೂ ಅದು ಹೋಗಲಿಲ್ವಾ?"

"ಹೋಗಲಿಲ್ಲ ದೊಡ್ಡಪ್ಪ. ಮಾತ್ರೆನಾಗೆ ಹಿಡಿದಿಟ್ಟಿದೀವಿ. ಒಂದು ದಿನವೂ ಬಿಟ್ಟಿಲ್ಲ."

"ಹಿಡಿದಿಟ್ಟಿದ್ರೆ ಆತು ಬಿಡು. ಮಾರಿಕಣಿವೆನೂ ಅಷ್ಟು ವರ್ಷ ಹಿಡಿದಿಟ್ಟೇ ನಿಂತಿದ್ದು. ಕಟ್ಟೆ ಗಟ್ಟಿ ಇರಬೇಕು ಅಷ್ಟೇ."

ಎದ್ದು ಬಟ್ಟಲಿಗೆ ಹಾಲು ಸುರಿದರು. ಅಕ್ಕ ಹೂವು ತೆಗೆದುಕೊಂಡು ತಮ್ಮನ ಬೆನ್ನಿನ ಕಡೆ ಬಾಗಿದಾಗ ದೊಡ್ಡಪ್ಪ, "ತಡಿಯವ್ವ" ಎಂದರು. "ನೀನು ಕುಂತ್ಕ."

"ನಾನ್ಯಾಕೆ ಕುಂತ್ಕಳ್ಳಿ? ಹಾಲೆರೆಸ್ಕಳೋನು ಅವನು."

"ಈ ಮನೆಗೆ ಬೆನ್ನು ಕೊಟ್ಟೋಳು ನೀನು. ನಿನಗೆ ಎರೀಲಿ. ಕುಂತ್ಕ ಅಂದೆ."

ಅಕ್ಕ ಮಣೆಯ ಮೇಲೆ ಕೂತು ಸೆರಗು ಸರಿಸಿ ಬೆನ್ನು ಬಾಗಿಸಿದಳು. ಆಯಿಲ್ ಕಲೆ ಹೋಗದ ಬೆರಳಲ್ಲಿ ಹೂವು ಹಿಡಿದು, ಬಟ್ಟಲಲ್ಲಿ ಅದ್ದಿ, ಇವರು ಅವಳ ಕತ್ತಿನ ಕೆಳಗೆ ಸವರಿದರು. "ಬೆನ್ನು ತಣ್ಣಗಿರಲಿ ಅಕ್ಕ" ಅಂದರು.

ನಮ್ಮ ಚಂದನ ಫೋಟೊ ತೆಗೆಯುತ್ತ, "ತಾತ, ಇದು ಉಲ್ಟಾ ಅಲ್ವಾ? ಪದ್ಧತಿನಾಗೆ ಐತಾ?" ಎಂದು ಕೆಣಕಿದಳು.

ಹಾಲಿನ ಬಟ್ಟಲು ಹಿಡಿದು ನಿಂತಿದ್ದ ದೊಡ್ಡಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡರು. ಬೆಡಗು ಕೇಳಲು ಜಗುಲಿಗೆ ಬಂದವರಿಗೆ ಹೇಳುವ ಗತ್ತಿನಲ್ಲೇ ಹೇಳಿದರು.

"ಇನ್ಮ್ಯಾಲೆ ನಮ್ಮ ಬೆಡಗಿನಾಗೆ ಹಿಂಗೇ."